ಗಜನಿ ಉಳಿಸುವ ಲೆಕ್ಕದಲ್ಲಿ ಬೇಸಾಯದ ಮನೆಗೂ ಜಾಗವಿರಲಿ

ಕಾರವಾರದ ಬಳಿಯ ಹಣಕೋಣದಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾವ ಬಂದಾಗ ಜನ ಬೀದಿಗಿಳಿದು ವಿರೋಧಿಸಿದರು, ಸ್ಥಾವರ ಬರಲಿಲ್ಲ. ಇಂಥ ಹೋರಾಟಗಳನ್ನು ನಾವು ನೆನಪಿಟ್ಟುಕೊಳ್ಳುತ್ತೇವೆ. ಆದರೆ ಕಾಳಿ ಮತ್ತು ಗಂಗಾವಳಿ ನದಿಗಳ ಅಳಿವೆಯಲ್ಲಿ ಯಾವ ಕಂಪನಿಯೂ ಕಾಲಿಡದೆ ಪಾಳುಬೀಳುತ್ತಿರುವ ಗಜನಿ ಗದ್ದೆಗಳಿಗಾಗಿ ಯಾರೂ ಧರಣಿ ಕೂರುವುದಿಲ್ಲ. ಸರ್ಕಾರದ ಗಮನ ಈಚೆಗೆ ಅಳಿವೆಗಳ ಕಡೆ ತಿರುಗಿದೆ ಎಂಬುದು ನಿಜ. 2023ರ ಕೇಂದ್ರ ಬಜೆಟ್ಟಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಡುವ ‘ಮಿಷ್ಟಿ’ ಯೋಜನೆ ಬಂತು. 2024ರಲ್ಲಿ ಪಕ್ಕದ ಕುಮಟಾದ ಅಘನಾಶಿನಿ ಅಳಿವೆ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿ ಸೇರಿತು. ಆದರೆ ಸಂರಕ್ಷಣೆಯ ಲೆಕ್ಕ ನೆಟ್ಟ ಗಿಡಗಳಲ್ಲೂ ಗುರುತಿಸಿದ ಹೆಕ್ಟೇರುಗಳಲ್ಲೂ ನಡೆಯುತ್ತದೆ. ಆ ನೆಲವನ್ನು ಕಾಯುತ್ತ ಬಂದ ಸಣ್ಣ ಹಿಡುವಳಿಯ ಕುಟುಂಬ ಆ ಲೆಕ್ಕದಲ್ಲಿ ಇಲ್ಲ. ಆ ಕುಟುಂಬ ಬೇಸಾಯದಲ್ಲಿ ನಿಲ್ಲದೆ ಗಜನಿ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಗಜನಿ ಮನುಷ್ಯನ ಕೈಯಿಂದಲೇ ಹುಟ್ಟಿದ ಜೌಗು. ಮಣ್ಣಿನ ಒಡ್ಡು ಕಟ್ಟಿ ಭರತಿಯ ಉಪ್ಪುನೀರನ್ನು ತಡೆದು, ಮುಂಗಾರು ಮಳೆ ನೆಲದ ಉಪ್ಪನ್ನು ತೊಳೆದ ಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಈ ಎತ್ತರದ ತಳಿಗೆ ಗೊಬ್ಬರವಿಲ್ಲ, ಔಷಧಿಯಿಲ್ಲ. ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ನೀರಿಗೆ ಬಿಟ್ಟು, ಬಳಿಕ ಒಡ್ಡಿನ ಬಾಗಿಲು ತೆರೆಯುತ್ತಾರೆ. ಭರತಿಯೊಂದಿಗೆ ಒಳಬಂದ ಮೀನು, ಸಿಗಡಿ ಆ ಹುಲ್ಲಿನ ನಡುವೆ ಬೆಳೆಯುತ್ತವೆ. ಮನೆಗೆ ಅಕ್ಕಿ, ಸಾರಿಗೆ ಮೀನು, ಹಕ್ಕಿಗಳಿಗೆ ಮೇವು, ಎಲ್ಲಕ್ಕೂ ಅದೇ ನೆಲ. ಆದರೆ ಏಡಿ ಕೊರೆದ ತೂತನ್ನು ಹೊತ್ತಿಗೆ ಸರಿಯಾಗಿ ಮುಚ್ಚುವವರಿಲ್ಲದಿದ್ದರೆ ಒಡ್ಡು ಒಡೆಯುತ್ತದೆ, ಒಬ್ಬರ ಕಡೆ ಒಡೆದರೆ ಎಲ್ಲರ ಗದ್ದೆಗೂ ಉಪ್ಪು ನುಗ್ಗುತ್ತದೆ, ದಂಡೆಯ ಬಾವಿಗಳೂ ಕೆಡುತ್ತವೆ.

ಈ ವ್ಯವಸ್ಥೆ ಕುಸಿದದ್ದು ರೈತರ ಸೋಮಾರಿತನದಿಂದಲ್ಲ. ಭೂಸುಧಾರಣೆಯಾದ ಮೇಲೆ ಕೃಷಿಭೂಮಿಯನ್ನು ಗೇಣಿಗೆ ಕೊಡುವುದನ್ನು ರಾಜ್ಯದ ಕಾನೂನು ನಿಷೇಧಿಸಿತ್ತು. 1995ರ ತಿದ್ದುಪಡಿ ಕರಾವಳಿ ಜಿಲ್ಲೆಗಳಲ್ಲಿ ಜಲಕೃಷಿಗೆ ಮಾತ್ರ ಗುತ್ತಿಗೆಯ ಬಾಗಿಲು ತೆರೆಯಿತು. ಸಿಗಡಿಯಲ್ಲಿ ಕಾಸಿದ್ದುದರಿಂದ ಭತ್ತ ಹಿಂದೆ ಸರಿಯಿತು. ಬಿಳಿಚುಕ್ಕೆ ರೋಗ ಬಂದಾಗ ಸಿಗಡಿಯೂ ಕೈಕೊಟ್ಟಿತು. 1996ರಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ವಲಯದಲ್ಲಿ ಸಿಗಡಿ ಕೃಷಿಗೆ ಕಡಿವಾಣ ಹಾಕಿ, ಸಾಂಪ್ರದಾಯಿಕ ಪದ್ಧತಿಗೆ ವಿನಾಯಿತಿ ಕೊಟ್ಟಿತು. ಆದರೆ ಒಮ್ಮೆ ಬಿಟ್ಟ ಬೇಸಾಯ ವಿನಾಯಿತಿಯೊಂದರಿಂದಲೇ ಮರಳಿ ಬರುವುದಿಲ್ಲ.

ಬಿಟ್ಟ ನೆಲವನ್ನು ಪ್ರಕೃತಿಗೇ ಬಿಡಿ, ಕಾಂಡ್ಲಾ ಬೆಳೆದು ಇಂಗಾಲ ಹೀರಲಿ ಎನ್ನುವವರಿದ್ದಾರೆ. ಕಾಂಡ್ಲಾ ದಂಡೆಯನ್ನು ಕಾಯುತ್ತದೆ, ಮೀನಿನ ಮರಿಗೆ ಆಸರೆಯಾಗುತ್ತದೆ ಎಂಬುದರಲ್ಲಿ ತಕರಾರಿಲ್ಲ. ಅದು ಇರಬೇಕಾದದ್ದು ಒಡ್ಡಿನ ಹೊರಗೆ, ಅಲೆಯ ಹೊಡೆತ ತಡೆಯುವ ಜಾಗದಲ್ಲಿ. ಒಳಗೂ ಅದೇ ತುಂಬಿದರೆ ಕಗ್ಗದ ಬೀಜ ಹೋಗುತ್ತದೆ. ವರ್ಷವರ್ಷ ಬಿತ್ತಿ ಕೊಯ್ದರಷ್ಟೇ ಉಳಿಯುವ ತಳಿಯದು. ಇನ್ನೊಂದು ಭಯವೂ ಇದೆ. ಕಾಂಡ್ಲಾ ಇರುವ ಪ್ರದೇಶ ಕರಾವಳಿ ನಿಯಂತ್ರಣ ವಲಯದ ಅತಿ ಬಿಗಿಯಾದ ವರ್ಗಕ್ಕೆ ಸೇರುತ್ತದೆ. ಗಿಡ ಬೆಳೆಯಲು ಬಿಟ್ಟರೆ ಗದ್ದೆಯೇ ಕೈತಪ್ಪೀತೆಂದು ರೈತ ಅಂಜಿದರೆ ಸಸಿಗೂ ಉಳಿಗಾಲವಿಲ್ಲ.

ಹೆಚ್ಚು ಗಟ್ಟಿಯಾದ ಆಕ್ಷೇಪ ಇನ್ನೊಂದು. ಗೋವಾದಲ್ಲಿ ತಿಂಗಳ ಸಂಬಳ ಸಿಗುವಾಗ ಮಕ್ಕಳನ್ನು ಕೆಸರಿಗೆ ಕಟ್ಟಿಹಾಕುವುದು ನ್ಯಾಯವೇ? ನೀರಲ್ಲಿ ನಿಂತು ಕೊಯ್ಯುವ, ಬಡಿಯುವ, ಒಣಗಿಸುವ ದುಡಿಮೆಯ ದೊಡ್ಡ ಪಾಲು ಹೆಂಗಸರದಲ್ಲವೇ? ಹೌದು. ಆದ್ದರಿಂದಲೇ ಹಳೆಯ ಬದುಕಿನ ಗುಣಗಾನ ಸಾಲದು, ದುಡಿಮೆಗೆ ಬೆಲೆ ಬೇಕು. ಕಗ್ಗ ಬಿತ್ತಿ ಒಡ್ಡು ಕಾಯುವ ಮನೆಗೆ ಎಕರೆ ಲೆಕ್ಕದಲ್ಲಿ ವರ್ಷವರ್ಷ ಸಹಾಯಧನ ಬರಲಿ, ಅದರಲ್ಲಿ ಅರ್ಧವಾದರೂ ಹೆಂಗಸರ ಖಾತೆಗೆ ಜಮಾ ಆಗಲಿ. ಒಡ್ಡಿನ ಹೊರಗೆ ಕಾಂಡ್ಲಾ ಬೆಳೆಸಿದರೂ ಒಳಗಿನ ಸಾಗುವಳಿ ಹಕ್ಕಿಗೆ ಧಕ್ಕೆಯಿಲ್ಲವೆಂದು ಬರಹದಲ್ಲಿ ಭರವಸೆ ಸಿಗಲಿ. ಖಾಸಗಿ ಗದ್ದೆಗೆ ಸಾರ್ವಜನಿಕ ಹಣವೇಕೆ ಎಂದು ಕೇಳುವವರು, ಆ ಒಡ್ಡು ಹಿಂದಿರುವ ಊರಿನ ಕುಡಿಯುವ ನೀರನ್ನೂ ಕಾಯುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಸಿಗಡಿ ಗುತ್ತಿಗೆಗಾಗಿ ಕಾನೂನನ್ನೇ ತಿದ್ದಿದ ರಾಜ್ಯಕ್ಕೆ ಗಜನಿ ಕಾಯುವ ಕುಟುಂಬದೊಡನೆ ಇಂಥದೊಂದು ಕರಾರು ಮಾಡಿಕೊಳ್ಳುವುದು ಕಷ್ಟವಾಗಬಾರದು. ಕಾರವಾರ, ಅಂಕೋಲೆಗಳ ಗಜನಿಯಲ್ಲಿ ಇನ್ನೂ ಬಿತ್ತುವ ಕೈಗಳಿರುವಾಗಲೇ ಅದು ಆಗಬೇಕು.