‘ನಮ್ಮ’ ಜ್ಞಾನ ಅಂದ್ರೆ ಯಾರದ್ದು?

ಇಲ್ಲಿನ ಸ್ಟಾರ್ಟಪ್ ಸ್ಪರ್ಧೆಗಳಲ್ಲಿ ನಮ್ಮ ಕಡೆಯವರ ಪಿಚ್‌ನಲ್ಲಿ ಹೆಚ್ಚುಕಡಿಮೆ ಒಂದೇ ಥರದ ಸ್ಲೈಡ್ ಇರುತ್ತೆ: ‘ನಮ್ಮ ಸಾವಿರಾರು ವರ್ಷಗಳ ಜ್ಞಾನ, ಹೊಸ ರೂಪದಲ್ಲಿ.’ ಅಶ್ವಗಂಧದ ಗಮ್ಮಿ, ಅರಿಶಿನದ ಲಾಟೆ, ಕಾಡುಬೇರಿನ ಫೇಸ್‌ಕ್ರೀಮ್. ಐಡಿಯಾ ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಆ ‘ನಮ್ಮ’ ಅನ್ನೋ ಪದದೊಳಗೆ ಯಾರಿದ್ದಾರೆ, ಯಾರಿಲ್ಲ ಅನ್ನೋದನ್ನ ಕಂಪನಿ ಶುರುಮಾಡೋ ಮುಂಚೆಯೇ ಕೇಳಿಕೊಳ್ಳಬೇಕು.

ಅರಿಶಿನದ ಕಥೆ ನಿಮಗೆ ಗೊತ್ತಿರಬಹುದು. ಗಾಯಕ್ಕೆ ಅರಿಶಿನ ಬಳಸುವುದರ ಮೇಲೆ 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರ್‌ಗೆ ಪೇಟೆಂಟ್ ಸಿಕ್ಕಿತು. ಭಾರತದ ಸಿಎಸ್‌ಐಆರ್ ತಕರಾರು ಎತ್ತಿದ ಮೇಲೆ 1997ರಲ್ಲಿ ಅದು ರದ್ದಾಯಿತು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಗೆಲುವು ಇದು. ಆದರೆ ಗೆದ್ದದ್ದು ಹೇಗೆ? ಹಳೆಯ ಗ್ರಂಥ, 1953ರ ವೈದ್ಯಕೀಯ ಪತ್ರಿಕೆಯ ಲೇಖನ ಇಂಥ ಅಚ್ಚಾದ ಪುರಾವೆಗಳಿಂದ. ಆಗಿನ ಅಮೆರಿಕದ ಕಾನೂನಿನಲ್ಲಿ ಹೊರದೇಶದ ರೂಢಿಗೆ ಬೆಲೆಯಿರಲಿಲ್ಲ. ‘ನಮ್ಮಜ್ಜಿ ಹಚ್ತಿದ್ರು’ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಹಾಗಾದರೆ ಬರೆದಿಡದ ಜ್ಞಾನದ ಗತಿ ಏನು? ಮಾಗಳಿ ಬೇರು ಮೈಸೂರು ಕಡೆಯ ಮನೆಗಳಿಗೆ ಉಪ್ಪಿನಕಾಯಿ. ಅದನ್ನ ಕಾಡಿನಲ್ಲಿ ಗುರುತಿಸೋದು, ಅಗೆದು ತರೋದು ಬಿಳಿಗಿರಿರಂಗನ ಬೆಟ್ಟದ ಸೋಲಿಗರಂಥವರು. ಅವರ ತಿಳಿವಳಿಕೆ ಇರೋದು ಬಾಯಿಂದ ಬಾಯಿಗೆ. ನಾಳೆ ಆ ಬೇರಿನಿಂದ ನೀವೊಂದು ಪ್ರಾಡಕ್ಟ್ ಮಾಡಿ ‘ನಮ್ಮ ಪರಂಪರೆ’ ಅಂದರೆ, ನಿಮ್ಮ ‘ನಮ್ಮ’ದಲ್ಲಿ ಸೋಲಿಗರು ಇರೋದು ಲೇಬಲ್ ಮೇಲೆ ಮಾತ್ರಾನಾ, ಲಾಭದಲ್ಲೂನಾ?

‘ಅದು ಎಲ್ಲರಿಗೂ ಗೊತ್ತಿರೋ ವಿಷಯ, ಯಾರು ಬೇಕಾದರೂ ಬಳಸಬಹುದು’ ಅಂತ ಕೆಲವರು ಹೇಳ್ತಾರೆ. ಪೇಟೆಂಟ್ ಕಾನೂನಿನ ದೃಷ್ಟಿಯಿಂದ ಅದು ಎಷ್ಟೋ ಸಲ ನಿಜ. ಆ ಕಾನೂನು ಮುಖ್ಯವಾಗಿ ಕೇಳೋದು ‘ಇದು ಹೊಸದಾ?’ ಅಂತ. ‘ಇದನ್ನ ಇಷ್ಟು ವರ್ಷ ಕಾಪಾಡಿದವರು ಯಾರು?’ ಅನ್ನೋದು ಅದರ ಪ್ರಶ್ನೆಯಲ್ಲ. ಕಾನೂನು ಕೇಳಲಿಲ್ಲ ಅಂತ ನಾವೂ ಸುಮ್ಮನಿರೋದು ನ್ಯಾಯವಲ್ಲ.

ಇನ್ನು ನಮಗೇ ಸಂಬಂಧಿಸಿದ ಒಂದು ವಿಷಯ. ಭಾರತದ ಜೈವಿಕ ವೈವಿಧ್ಯ ಕಾಯ್ದೆ, 2002, ಆದಾಯ ತೆರಿಗೆ ಲೆಕ್ಕದಲ್ಲಿ ಅನಿವಾಸಿಯಾದ ಭಾರತೀಯರನ್ನ ಈ ವಿಷಯದಲ್ಲಿ ವಿದೇಶಿಯರ ಸಾಲಿನಲ್ಲೇ ಇಟ್ಟಿದೆ. ಪಾಸ್‌ಪೋರ್ಟ್ ಭಾರತದ್ದೇ ಆಗಿದ್ದರೂ, ಅಲ್ಲಿನ ಸಸ್ಯವನ್ನೋ ಅದರ ಬಗೆಗಿನ ಜ್ಞಾನವನ್ನೋ ಸಂಶೋಧನೆಗೆ ಅಥವಾ ವ್ಯಾಪಾರಕ್ಕೆ ಪಡೆಯಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ಡೆಲವೇರ್‌ನಲ್ಲಿ ನೋಂದಾಯಿಸಿದ ಕಂಪನಿಗೂ ಅಷ್ಟೇ. ಸಾಮಾನ್ಯ ವ್ಯಾಪಾರದ ಸರಕು ಅಂತ ಪಟ್ಟಿಯಾದವಕ್ಕೆ ವಿನಾಯಿತಿ ಇದೆ, ನಿಜ. ಆದರೂ ರಜೆಗೆ ಊರಿಗೆ ಹೋಗಿ ಸೂಟ್‌ಕೇಸಿನಲ್ಲಿ ಬೇರು ತಂದು ಲ್ಯಾಬಿಗೆ ಹಾಕೋ ಮುಂಚೆ ಇದು ನೆನಪಿರಲಿ.

ಸರಿಯಾದ ದಾರಿ ಇಲ್ಲವೇ ಅಂದರೆ, ಇದೆ. ಕೇರಳದ ಕಾಣಿ ಬುಡಕಟ್ಟಿನವರು ಆರೋಗ್ಯಪಚ್ಚ ಅನ್ನೋ ಗಿಡದ ಹಣ್ಣು ತಿಂದು ದಣಿವಿಲ್ಲದೆ ನಡೆಯೋದನ್ನ 1987ರಲ್ಲಿ ವಿಜ್ಞಾನಿಗಳು ಕಂಡರು. ಅದರಿಂದ ‘ಜೀವನಿ’ ಅನ್ನೋ ಔಷಧ ಬಂತು. ಲೈಸೆನ್ಸ್ ಹಣ ಮತ್ತು ರಾಯಲ್ಟಿಯಲ್ಲಿ ಅರ್ಧ ಕಾಣಿಗಳಿಗೆ ಅಂತ ನಿಗದಿಯಾಯಿತು, 1997ರಲ್ಲಿ ಅವರದೇ ಟ್ರಸ್ಟ್ ಆಯಿತು. ಎಲ್ಲವೂ ಸುಗಮವಾಗಿರಲಿಲ್ಲ. ಆ ಜ್ಞಾನವನ್ನ ಹೊರಗೆ ಕೊಟ್ಟದ್ದಕ್ಕೆ ಕಾಣಿಗಳಲ್ಲೇ ಕೆಲವರ ವಿರೋಧ ಇತ್ತು. ಅಂದರೆ ಒಬ್ಬಿಬ್ಬರ ಸಹಿ ಇಡೀ ಸಮುದಾಯದ ಒಪ್ಪಿಗೆ ಆಗಲ್ಲ.

ಆಸ್ಟ್ರೇಲಿಯಾದಲ್ಲಿ ಸ್ಪಿನಿಫೆಕ್ಸ್ ಅನ್ನೋ ಹುಲ್ಲಿದೆ. ಅದರ ಅಂಟನ್ನ ಮೂಲನಿವಾಸಿಗಳು ಈಟಿಯ ಮೊನೆ ಕೂರಿಸೋಕೆ ಬಳಸ್ತಿದ್ದರು. ಅದೇ ಹುಲ್ಲಿನ ನ್ಯಾನೊ ನಾರಿನಿಂದ ಲೇಟೆಕ್ಸನ್ನ ಗಟ್ಟಿ ಮಾಡುವ ಕೆಲಸಕ್ಕೆ ಇಳಿದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ ಇಂಜಲಾಂಜಿ-ಧಿಧಾನು ಜನರ ಜ್ಞಾನವನ್ನ ಒಪ್ಪಿಕೊಂಡು, ಅವರ ಜೊತೆ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಅವರು ಪಾಲುದಾರರು, ‘ಇನ್‌ಸ್ಪಿರೇಷನ್’ ಅಲ್ಲ.

ಜಗತ್ತೂ ಆ ಕಡೆಗೇ ಹೊರಳುತ್ತಿದೆ. 2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ವೈಪೊ ಸದಸ್ಯ ದೇಶಗಳು ಒಪ್ಪಿದ ಒಡಂಬಡಿಕೆಯ ಪ್ರಕಾರ, ಪೇಟೆಂಟ್ ಕೇಳುವವರು ಅದಕ್ಕೆ ಆಧಾರವಾದ ಸಾಂಪ್ರದಾಯಿಕ ಜ್ಞಾನವನ್ನ ಕೊಟ್ಟ ಸಮುದಾಯ ಯಾವುದು ಅಂತ ಅರ್ಜಿಯಲ್ಲೇ ತಿಳಿಸಬೇಕು. ಜಾರಿಗೆ ಬರಲು 15 ಅನುಮೋದನೆ ಬೇಕು.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಪ್ರೋಟೋಟೈಪ್‌ಗೆ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಇದು ಯಾರಿಂದ ತಿಳಿಯಿತು? ಬೇಡ ಅನ್ನೋ ಅವಕಾಶ ಅವರಿಗೆ ಸಿಕ್ಕಿತಾ? ಲಾಭದಲ್ಲಿ ಅವರ ಪಾಲು ಕಾಗದದ ಮೇಲಿದೆಯಾ? ಇನ್ವೆಸ್ಟರ್‌ಗೆ ಷೇರು ಹಂಚೋಕೆ ತಿಂಗಳುಗಟ್ಟಲೆ ಚರ್ಚೆ ಮಾಡ್ತೀವಿ. ಜ್ಞಾನವನ್ನೇ ಬಂಡವಾಳವಾಗಿ ಕೊಟ್ಟವರಿಗೆ ಒಂದು ವಾರವಾದರೂ ಕೊಡೋಣ. ಅರಿಶಿನಕ್ಕಾಗಿ ಸಿಟ್ಟಾದ ನಾವು, ಇನ್ನೊಬ್ಬರ ಬೇರಿಗೆ, ಇನ್ನೊಬ್ಬರ ಹುಲ್ಲಿಗೆ ಮಿಸಿಸಿಪಿಯವರಾಗೋದು ಬೇಡ.