ರಾತ್ರಿಯ ಅಡುಗೆ ಯಾರದು?

ಮಾಟುಂಗದ ಉಡುಪಿ ಹೋಟೆಲುಗಳಲ್ಲಿ ಮುಂಬಯಿಗೆ ಇಡ್ಲಿ-ಸಾಂಬಾರಿನ ರುಚಿ ಹತ್ತಿಸಿದವರು ನಮ್ಮೂರ ಗಂಡಸರೇ. ಮಠದ ಪಾಕಶಾಲೆಯಲ್ಲೂ ಮದುವೆಯ ಚಪ್ಪರದ ಹಿಂದೆಯೂ ಸೌಟು ಅವರ ಕೈಯಲ್ಲೇ. ಪಾಕಕ್ಕೆ ನಳ-ಭೀಮರ ಹೆಸರಿಟ್ಟ ನಾವು ಸಂಬಳವಿಲ್ಲದ ಮನೆಯೊಲೆಯನ್ನು ಮಾತ್ರ ಹೆಂಗಸರಿಗೆ ಬಿಟ್ಟೆವು. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯಂತೆ, ಮನೆಗೆಲಸದಲ್ಲಿ ತೊಡಗುವ ಹೆಂಗಸು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸಿದರೆ ಗಂಡಸು 97. (ತೊಡಗುವ ಗಂಡಸರಾದರೂ ನೂರಕ್ಕೆ 26 ಮಾತ್ರ!) ನನ್ನಾಕೆ ಡೊಂಬಿವಲಿ ಲೋಕಲಿನಲ್ಲಿ ಬೀನ್ಸಿನ ನಾರು ಬಿಡಿಸುತ್ತ ಬರುತ್ತಿದ್ದ ವರುಷಗಳಲ್ಲಿ ನಾನು ಸಂಘದ ವೇದಿಕೆಯಲ್ಲಿ ಸ್ತ್ರೀಸಮಾನತೆಯ ಕುರಿತು ಭಾಷಣ ಬಿಗಿಯುತ್ತಿದ್ದೆ. ಈಗ ರಾತ್ರಿಯಡುಗೆ ನನ್ನ ಪಾಲಿನದು. ಅದನ್ನು 'ನೆರವು' ಎನ್ನಲು ಆಕೆ ಒಪ್ಪುವುದಿಲ್ಲ. ಪಾತ್ರೆ ತೊಳೆಯುವುದೂ ಅಡುಗೆಯಲ್ಲೇ ಸೇರಿದೆಯಂತೆ. ಕಾರ್ಯಕಾರಿ ಸಮಿತಿಯ ಸಭೆಯನ್ನು ಏಳಕ್ಕೇ ಮುಗಿಸಿರೆಂದು ಕಳೆದ ಸಲ ಸೂಚಿಸಿದೆ. ಕಾರಣ ಕೇಳಿದರು. "ಅನ್ನಕ್ಕಿಡಬೇಕು" ಎಂದೆ. ನಕ್ಕವರೆಲ್ಲ ಗಂಡಸರು.