ಮರ ಎಣಿಸಿದರೆ ಸಾಕೇ? ಉಪ್ಪಂಗಳದ ಟೇಪು ಹೇಳುವ ಲೆಕ್ಕವೇ ಬೇರೆ

ಮಡಿಕೇರಿ: ರಸ್ತೆಗೋ ವಿದ್ಯುತ್ ಲೈನಿಗೋ ಕಾಡು ಕಡಿಯುವ ಮಾತು ಬಂದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: ಎಷ್ಟು ಮರ ಹೋಗುತ್ತೆ, ಬದಲಿಗೆ ಎಷ್ಟು ಸಸಿ ನೆಡ್ತಾರೆ? ಆದರೆ ಕಾಡಿನ ಲೆಕ್ಕ ಇರುವುದು ಸಂಖ್ಯೆಗಿಂತ ಹೆಚ್ಚಾಗಿ ಸುತ್ತಳತೆಯಲ್ಲಿ.

ಉದಾಹರಣೆ ಕೊಡಗಿನಲ್ಲೇ ಇದೆ. ಪುಷ್ಪಗಿರಿ ಕಡೆಯ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ 1990ರ ಸುಮಾರಿನಿಂದ ಐದು ಹೆಕ್ಟೇರ್ ಜಾಗದಲ್ಲಿ 30 ಸೆಂ.ಮೀ. ಸುತ್ತಳತೆ ದಾಟಿದ ಮರಗಳನ್ನು ಗುರುತಿಸಿ, ಮತ್ತೆ ಮತ್ತೆ ಅಳೆಯುತ್ತಾ ಬಂದಿದೆ.

ಟೇಪು ಸುತ್ತುವುದು ಎದೆಯೆತ್ತರದಲ್ಲಿ. ಪ್ರತಿ ಸಲವೂ ಅದೇ ಜಾಗದಲ್ಲೇ ಸುತ್ತಬೇಕು. ಯಾಕಂದ್ರೆ ಹಳೇ ಕಾಡಿನ ಮರ ವರ್ಷಕ್ಕೆ ದಪ್ಪವಾಗುವುದು ಕೆಲವೇ ಮಿಲಿಮೀಟರ್. ಟೇಪು ಸ್ವಲ್ಪ ಜಾರಿದರೂ ಲೆಕ್ಕ ತಪ್ಪುತ್ತೆ. ಈ ಅಳತೆಗೆ ಎತ್ತರ, ಮರದ ಗಟ್ಟಿತನ ಸೇರಿಸಿ ಒಣತೂಕ ಅಂದಾಜು ಮಾಡ್ತಾರೆ. ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಇಂಗಾಲ.

ಸುತ್ತಳತೆ ಎರಡು ಪಟ್ಟಾದರೆ ತೂಕ ಸುಮಾರು ಐದು ಪಟ್ಟು ಏರುತ್ತೆ. ಅಂದ್ರೆ ಒಂದು ದೊಡ್ಡ ಧೂಪದ ಮರ ಉರುಳಿದರೆ, ಹತ್ತು ಸಸಿ ನೆಟ್ಟರೂ ಆ ತೂಕ ತುಂಬಲು ದಶಕಗಳೇ ಬೇಕು. ಅದೂ ಸಸಿ ಬದುಕಿದರೆ.

ಹಾಗಾಗಿ ಸಾರ್ವಜನಿಕ ಅಹವಾಲು ಸಭೆಗೆ ಹೋಗುವವರು ಕೇಳಬೇಕಾದದ್ದು ಎರಡು: ಹೋಗುವ ಮರಗಳ ಸುತ್ತಳತೆ ಎಷ್ಟು? ನೆಟ್ಟ ಸಸಿಗಳನ್ನು ಐದು ವರ್ಷದ ನಂತರ ಅಳೆಯುವವರು ಯಾರು?